ಕಸುಬು, ಕಾಯಕ, ಚಿಕಿತ್ಸೆ: ದೀರ್ಘರೋಗಿಯ ಗೃಹಜೀವನವನ್ನು ಕುರಿತು ಒಂದು ವಿಮರ್ಶೆ

ವೈದ್ಯನಲ್ಲದ ಇತಿಹಾಸದ ಅಧ್ಯಾಪಕನು ಚಿಕಿತ್ಸೆಯ ವಿಷಯಕ್ಕೆ ಕೈಹಾಕುವುದು ಅನಧಿಕಾರ ಚೇಷ್ಟೆಯೆಂದು ವಾಚಕರು ಎಣಿಸಬಹುದು. ಆದರೆ ಪ್ರಕೃತ ವಿಷಯದಲ್ಲಿ ತೊಡಕಿರುವುದು ಔಷಧದಲ್ಲಿ ಅಲ್ಲ, ಮಾತಿನಲ್ಲಿ. ಆಂಗ್ಲ ಭಾಷೆಯಲ್ಲಿ ಆಕ್ಯುಪೇಷನಲ್ ಥೆರಪಿ ಎಂದು ಹೆಸರಾದ ಶಾಸ್ತ್ರವನ್ನು ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎಂದೂ ವೃತ್ತಿ ಚಿಕಿತ್ಸೆ ಎಂದೂ ಕರೆಯುವ ರೂಢಿಯುಂಟು. ಈ ಹೆಸರನ್ನು ಕೇಳಿದವರಲ್ಲಿ ಕೆಲವರು, ಇದು ಅಂಗವಿಕಲರಿಗೆ ನೌಕರಿ ಕಲಿಸುವ ಏರ್ಪಾಡೆಂದು ತಿಳಿಯುತ್ತಾರೆ. ಕೆಲವರು, ರೋಗಿಯ ಮನಸ್ಸು ರೋಗದ ಕಡೆ ಹರಿಯದಂತೆ ಕೈಗೆ ಏನಾದರೊಂದು ಕೆಲಸ ಕೊಡುವುದೆಂದು ಭಾವಿಸುತ್ತಾರೆ. ಇನ್ನು ಕೆಲವರು, ನಮ್ಮ ಶರಣರ ಕಾಯಕ ತತ್ತ್ವವನ್ನೇ ಪಾಶ್ಚಾತ್ಯರು ಹೊಸ ಹೆಸರಿನಿಂದ ಹೇಳುತ್ತಿದ್ದಾರೆಂದು ಸಮಾಧಾನಪಡುತ್ತಾರೆ. ಈ ಮೂರು ಅಭಿಪ್ರಾಯಗಳೂ ಸಾಧುವಲ್ಲವೆಂದು ತೋರಿಸುವುದು ಈ ಲೇಖನದ ಮೊದಲ ಉದ್ದೇಶ. ದೀರ್ಘಕಾಲದ ರೋಗವನ್ನು ಹೊತ್ತು ಮನೆಯಲ್ಲಿ ಬಾಳುವವರ ‘ಸ್ವಾವಲಂಬನೆ’ಯೆಂಬ ಮಾತಿನೊಳಗೆ ಅಡಗಿರುವ ಮತ್ತೊಬ್ಬರ ದುಡಿಮೆಯನ್ನು ಲೆಕ್ಕಕ್ಕೆ ತರುವುದು ಎರಡನೆಯದು. ನಿದರ್ಶನಗಳನ್ನು ನನಗೆ ಪರಿಚಿತವಾದ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಿಂದಲೇ ಆರಿಸಿಕೊಂಡಿದ್ದೇನೆ.

1. ಶಬ್ದವಿಚಾರ

ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರೂ ನೌಕರಿಗೆ ಸೇರುವುದಿಲ್ಲ. ಅಲ್ಲಿ ಉದ್ಯೋಗವೆಂದರೆ ಪ್ರಯತ್ನ, ಸನ್ನಾಹ. ಈ ಹಳೆಯ ಅರ್ಥವು ಉಳಿದಿದ್ದರೆ ಔದ್ಯೋಗಿಕ ಚಿಕಿತ್ಸೆಯೆಂಬ ಹೆಸರಿಗೆ ಆಕ್ಷೇಪವೇ ಇರುತ್ತಿರಲಿಲ್ಲ. ಆದರೆ ಇಂದಿನ ಕನ್ನಡದಲ್ಲಿ ಉದ್ಯೋಗವು ಸಂಬಳ ತರುವ ಕೆಲಸವೆಂಬ ಅರ್ಥಕ್ಕೆ ಕುಗ್ಗಿದೆ. ಆಂಗ್ಲ ಶಬ್ದದ ಮೂಲವಾದರೋ ಲ್ಯಾಟಿನ್ನಿನಲ್ಲಿ ‘ಹಿಡಿ, ಆಕ್ರಮಿಸು’ ಎಂಬರ್ಥದ ಧಾತು. ಮನುಷ್ಯನ ಹೊತ್ತನ್ನು ತುಂಬುವುದೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತದೆ. ಹಾಸಿಗೆಯಿಂದ ಏಳುವುದು, ಮುಖ ತೊಳೆಯುವುದು, ಸೀರೆಯ ನೆರಿಗೆ ಹಿಡಿಯುವುದು, ಒಲೆ ಹಚ್ಚುವುದು, ಸಂತೆಗೆ ಹೋಗಿಬರುವುದು, ಮೊಮ್ಮಗುವನ್ನು ತೂಗುವುದು, ಇವೆಲ್ಲವೂ ಈ ಶಾಸ್ತ್ರದ ದೃಷ್ಟಿಯಲ್ಲಿ ‘ಆಕ್ಯುಪೇಷನ್’ಗಳೇ. ಸಂಬಳದ ಕೆಲಸವು ಇವುಗಳಲ್ಲಿ ಒಂದು ಮಾತ್ರ. ಆದಕಾರಣ ‘ನಿತ್ಯಕರ್ಮ ಚಿಕಿತ್ಸೆ’ ಎಂಬ ಹೆಸರು ಹೆಚ್ಚು ಸಮಂಜಸವಾದೀತು. ನಿತ್ಯಕರ್ಮವೆಂಬ ಮಾತಿಗೆ ವೈದಿಕ ಸಂಸ್ಕಾರವೊಂದು ಅಂಟಿಕೊಂಡಿದೆಯೆಂಬುದು ನಿಜ. ಆದರೂ ಪ್ರತಿದಿನ ಮಾಡದೆ ಇರಲಾಗದ್ದು ಎಂಬ ಅದರ ತಿರುಳು ಇಲ್ಲಿ ಉಪಯುಕ್ತವಾಗಿದೆ. ಹೆಸರಿನ ವಿಷಯದಲ್ಲಿ ನನಗೆ ಹಟವಿಲ್ಲ; ಅರ್ಥದ ವಿಷಯದಲ್ಲಿ ಉಂಟು.

2. ಆಸ್ಪತ್ರೆಯಿಂದ ಮನೆಗೆ

ಕೆಲಸದಿಂದ ರೋಗಿಗೆ ಹಿತವಾಗುತ್ತದೆಂಬ ಭಾವನೆ ಹಳೆಯದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ 1796ರಲ್ಲಿ ತೆರೆದ ಆಶ್ರಯಾಲಯದಲ್ಲಿ ಚಿತ್ತವಿಕಲರನ್ನು ಸಂಕೋಲೆಗೆ ಬದಲು ಸೌಜನ್ಯದಿಂದಲೂ ಕೆಲಸದಿಂದಲೂ ಉಪಚರಿಸಲಾಗುತ್ತಿತ್ತು. ಆದರೆ ಇದೊಂದು ಪ್ರತ್ಯೇಕ ಶಾಸ್ತ್ರವಾಗಿ ರೂಪುಗೊಂಡುದು 1917ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ. ಅಲ್ಲಿ ಸಭೆಯನ್ನು ಕರೆದ ಜಾರ್ಜ್ ಎಡ್ವರ್ಡ್ ಬಾರ್ಟನ್ ವೈದ್ಯನಲ್ಲ, ವಾಸ್ತುಶಿಲ್ಪಿ. ಆತನೇ ಕ್ಷಯರೋಗಿ, ಕಾಲಿನ ಭಾಗವೊಂದನ್ನು ಕಳೆದುಕೊಂಡು, ಎಡಪಾರ್ಶ್ವದ ಸ್ವಾಧೀನವನ್ನೂ ಕಳೆದುಕೊಂಡವನು. ಸಭೆಯನ್ನು ಸೇರಿದವರಲ್ಲಿ ಥಾಮಸ್ ಕಿಡ್ನರ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿಯೂ, ಕೈಗಸುಬುಗಳನ್ನು ಕಲಿಸುವ ಒಬ್ಬ ಅಧ್ಯಾಪಿಕೆಯೂ, ಡಂಟನ್ ಎಂಬ ಮನೋವೈದ್ಯನೂ ಇದ್ದರು. ಈ ಸಂಗತಿಯು ಗಮನಾರ್ಹವಾದುದು. ಮನೆ ಕಟ್ಟುವವನೂ ರೋಗವನ್ನು ಉಂಡವನೂ ಒಬ್ಬನೇ ಆದಾಗ ಹುಟ್ಟಿದ ವಿದ್ಯೆಯಿದು. ‘ಈ ದೇಹಕ್ಕೆ ಏನಾಗಿದೆ’ ಎಂಬುದರ ಜೊತೆಗೆ ‘ಈ ದೇಹಕ್ಕೆ ಈ ಮನೆ ಒಗ್ಗುತ್ತದೆಯೇ’ ಎಂಬ ಪ್ರಶ್ನೆಯೂ ಹುಟ್ಟಿನಿಂದಲೇ ಇದಕ್ಕೆ ಅಂಟಿಬಂದಿದೆ. ಅನಂತರ 1922ರಲ್ಲಿ ಅಡಾಲ್ಫ್ ಮೇಯರ್ ಎಂಬ ಮನೋವೈದ್ಯನು ಇದರ ತತ್ತ್ವವನ್ನು ವಿವರಿಸಿ ಬರೆದನು. ದುಡಿಮೆ, ಆಟ, ವಿಶ್ರಾಂತಿ, ನಿದ್ರೆ, ಈ ನಾಲ್ಕರ ಲಯವು ಕೆಟ್ಟಲ್ಲಿ ಅದನ್ನು ಮರಳಿ ಕೂಡಿಸುವುದೇ ಚಿಕಿತ್ಸೆಯೆಂಬುದು ಆತನ ಮತದ ಸಾರ.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟವರು ಅಮೆರಿಕದಲ್ಲಿ ಹುಟ್ಟಿ ಭಾರತೀಯರನ್ನು ಮದುವೆಯಾಗಿ ಇಲ್ಲಿಯವರೇ ಆದ ಶ್ರೀಮತಿ ಕಮಲಾ ನಿಂಬ್ಕರ್. ಅವರ ಪ್ರಯತ್ನದಿಂದ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆಯು ಏರ್ಪಟ್ಟಿತು. 1952ರಲ್ಲಿ ಅಖಿಲ ಭಾರತ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಸೇರಿದ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಈ ಚಿಕಿತ್ಸೆಗೆ ಅಲ್ಲಿಯೂ, ಮಣಿಪಾಲದಂತಹ ವಿದ್ಯಾಕೇಂದ್ರಗಳಲ್ಲಿಯೂ ಸ್ಥಾನವುಂಟು. ಆದರೆ ಇವೆಲ್ಲವೂ ದೊಡ್ಡ ಆಸ್ಪತ್ರೆಗಳ ಆವರಣದೊಳಗಿನ ಮಾತು. ರೋಗಿಯು ವರ್ಷಾನುಗಟ್ಟಲೆ ಬಾಳುವುದು ಬೀರೂರಿನಲ್ಲಿಯೋ ಲಕ್ಕವಳ್ಳಿಯಲ್ಲಿಯೋ ಇರುವ ತನ್ನ ಮನೆಯಲ್ಲಿ.

ಚಿಕಿತ್ಸೆಯು ಮನೆಗೆ ಬಂದ ಬಗೆಯಲ್ಲಿಯೇ ಒಂದು ಲೋಪವಿದೆ. ಕ್ಷಯರೋಗದ ಚರಿತ್ರೆ ಇದಕ್ಕೆ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಫ್ರಿಮ್ಲಿ ಆರೋಗ್ಯಧಾಮದಲ್ಲಿ ಮಾರ್ಕಸ್ ಪ್ಯಾಟರ್ಸನ್ ಎಂಬ ವೈದ್ಯನು ರೋಗಿಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಶ್ರಮವನ್ನು ವಿಧಿಸುತ್ತಿದ್ದನು: ಮೊದಲು ನಡಿಗೆ, ಅನಂತರ ಬುಟ್ಟಿ ಹೊರುವುದು, ಆಮೇಲೆ ಸಣ್ಣ ಗುದ್ದಲಿ, ಕೊನೆಗೆ ದೊಡ್ಡದು. ಔಷಧವಿಲ್ಲದ ಆ ಕಾಲದಲ್ಲಿ ಇದರಿಂದ ರೋಗವು ಎಷ್ಟು ಮಟ್ಟಿಗೆ ನಿವಾರಣೆಯಾಯಿತೆಂಬುದು ಬೇರೆ ಪ್ರಶ್ನೆ. ದೇಹದ ಬಲವನ್ನು ಅಳೆದು ಕೆಲಸವನ್ನು ಹೊಂದಿಸಬೇಕೆಂಬ ವಿವೇಕವಂತೂ ಅದರಲ್ಲಿತ್ತು. 1956ರಲ್ಲಿ ಮದರಾಸಿನ ಕ್ಷಯರೋಗ ಚಿಕಿತ್ಸಾ ಕೇಂದ್ರದವರು 193 ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಆರೋಗ್ಯಧಾಮದಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಔಷಧ ಕೊಟ್ಟು ನೋಡಿದರು. ಮನೆಯ ಚಿಕಿತ್ಸೆ ಆರೋಗ್ಯಧಾಮದ ಚಿಕಿತ್ಸೆಗೆ ಸಮನೆಂದು 1959ರಲ್ಲಿ ಪ್ರಕಟವಾಯಿತು. ಜಗತ್ತಿನ ಬಡ ರೋಗಿಗಳಿಗೆಲ್ಲ ಇದು ದೊಡ್ಡ ಉಪಕಾರ. ಆದರೆ ಆರೋಗ್ಯಧಾಮಗಳು ಮುಚ್ಚಿದಾಗ ಔಷಧವು ಮನೆಗೆ ಬಂದಿತು, ದಿನಚರಿಯ ವಿವೇಕವು ಬರಲಿಲ್ಲ. ಸಂಧಿವಾತ, ಪಾರ್ಶ್ವವಾಯು, ಕಂಪವಾತ, ಮಧುಮೇಹ ಮೊದಲಾದ ದೀರ್ಘರೋಗಗಳ ವಿಷಯದಲ್ಲಿ ಇಂದಿಗೂ ನಮ್ಮ ಸೀಮೆಯ ಸ್ಥಿತಿ ಇದೇ. ಚೀಟಿಯಲ್ಲಿ ಗುಳಿಗೆಯ ಹೊತ್ತು ಬರೆದಿರುತ್ತದೆ. ನೀರು ಸೇದುವ ಹೊತ್ತು ಬರೆದಿರುವುದಿಲ್ಲ.

3. ಕಾಯಕದೊಡನೆ ಹೋಲಿಕೆ

ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರು ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯರಾದರೆಂಬ ನಂಬಿಕೆ ಈ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಆದುದರಿಂದ ಇಲ್ಲಿ ಕೆಲಸದ ಮಾತು ಬಂದೊಡನೆ ಕಾಯಕದ ಮಾತು ಬರುವುದು ಸಹಜ. ‘ನಮ್ಮ ಕಾಯಕವೇ ಅವರ ಔದ್ಯೋಗಿಕ ಚಿಕಿತ್ಸೆ’ ಎಂಬ ವಾಕ್ಯವನ್ನು ಭಾಷಣಗಳಲ್ಲಿ ನಾನು ಕೇಳಿದ್ದೇನೆ. ಅಭಿಮಾನವು ಮೆಚ್ಚತಕ್ಕದ್ದು, ತರ್ಕವು ಒಪ್ಪತಕ್ಕದ್ದಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವನ್ನು ನೋಡಬಹುದು. ಹಗ್ಗ ಹೊಸೆಯುವ ಕಾಯಕದ ಚಂದಯ್ಯನು ಕಳಚಿಬಿದ್ದ ಇಷ್ಟಲಿಂಗಕ್ಕಿಂತಲೂ ಕಾಯಕವೇ ಮಿಗಿಲೆಂದು ಮುಂದೆ ನಡೆಯುತ್ತಾನೆ. ಲಿಂಗವೇ ಆತನ ಹಗ್ಗವನ್ನು ಮಾರಿ ಬರಬೇಕಾಗುತ್ತದೆ. ಇಲ್ಲಿ ವಿಚಾರವಾಗುತ್ತಿರುವುದು ದುಡಿಮೆಯ ಶುದ್ಧಿ ಮತ್ತು ದಾಸೋಹ. ದುಡಿಯುವ ಕೈಯ ಬಲಾಬಲವಲ್ಲ. ಚಂದಯ್ಯನ ಬೆರಳುಗಳು ಸೆಟೆದು ಹುರಿ ಹೊಸೆಯಲಾರದೆ ಹೋದರೆ ಏನು ಗತಿಯೆಂಬ ಪ್ರಶ್ನೆ ಆ ಪ್ರಸಂಗದಲ್ಲಿ ಏಳುವುದಿಲ್ಲ, ಏಳಬೇಕಾಗಿಯೂ ಇರಲಿಲ್ಲ. ಆದರೆ ಅದೇ ತತ್ತ್ವವನ್ನು ಇಂದು ಹಾಸಿಗೆ ಹಿಡಿದವರ ಮುಂದೆ ಆಡಿದಾಗ ಅದು ಸಾಂತ್ವನವಾಗದೆ ಆಪಾದನೆಯಾಗಿ ಪರಿಣಮಿಸುವ ಸಂಭವವುಂಟು. ದುಡಿಮೆಯೇ ಯೋಗ್ಯತೆಯೆಂದು ನಂಬಿದ ಮನೆಯಲ್ಲಿ ದುಡಿಯಲಾರದವರು ತಮ್ಮನ್ನು ಭಾರವೆಂದು ಎಣಿಸಿಕೊಳ್ಳುತ್ತಾರೆ. ನಿತ್ಯಕರ್ಮ ಚಿಕಿತ್ಸೆಯ ದೃಷ್ಟಿ ಇದಕ್ಕೆ ವಿಪರೀತವಾದುದು. ಕೆಲಸದ ಅಳತೆಗೆ ಮನುಷ್ಯನನ್ನು ತರುವುದಲ್ಲ, ಮನುಷ್ಯನ ಅಳತೆಗೆ ಕೆಲಸವನ್ನು ತರುವುದು ಅದರ ವಿಧಾನ. ಶರಣರಲ್ಲಿ ಇದಕ್ಕೆ ಹತ್ತಿರವಾದುದನ್ನು ಹುಡುಕಲೇಬೇಕಾದರೆ ಆಯ್ದಕ್ಕಿ ಲಕ್ಕಮ್ಮನಲ್ಲಿ ಹುಡುಕಬಹುದು. ಅಂದಂದಿನ ಅಗತ್ಯಕ್ಕೆ ಮೀರಿ ಗಂಡನು ತಂದ ಅಕ್ಕಿಯನ್ನು ಆಕೆ ಹಿಂದಕ್ಕೆ ಕಳುಹಿಸಿದಳು. ಸಾಕು ಎಂಬ ಅಳತೆ ಅಲ್ಲಿದೆ.

ಬರಿದೆ ಕೈಗೆ ಕೆಲಸ ಕೊಟ್ಟರೆ ಸಾಕೆಂಬ ಅಭಿಪ್ರಾಯಕ್ಕೂ ಪ್ರಮಾಣದ ಬೆಂಬಲವಿಲ್ಲ. ಲಾಸ್ ಏಂಜಲೀಸಿನಲ್ಲಿ 361 ಮಂದಿ ವೃದ್ಧರನ್ನು ಮೂರು ಪಂಗಡ ಮಾಡಿ ನಡೆಸಿದ ಪರೀಕ್ಷೆಯೊಂದು 1997ರಲ್ಲಿ ಪ್ರಕಟವಾಯಿತು. ಒಂದು ಪಂಗಡಕ್ಕೆ ಈ ಚಿಕಿತ್ಸೆ, ಇನ್ನೊಂದಕ್ಕೆ ಕೂಡಿ ಕಾಲಕಳೆಯುವ ಚಟುವಟಿಕೆ, ಮತ್ತೊಂದಕ್ಕೆ ಏನೂ ಇಲ್ಲ. ಮೊದಲನೆಯ ಪಂಗಡಕ್ಕೆ ಆರೋಗ್ಯದಲ್ಲಿಯೂ ನಿತ್ಯಜೀವನದಲ್ಲಿಯೂ ಪ್ರಯೋಜನ ಕಂಡುಬಂದಿತು. ಚಟುವಟಿಕೆಯ ಪಂಗಡವಾದರೋ ಏನೂ ಇಲ್ಲದ ಪಂಗಡಕ್ಕಿಂತ ಮೇಲಾಗಲಿಲ್ಲ. ಹೊತ್ತು ಕಳೆಯುವುದು ಬೇರೆ, ಹೊತ್ತನ್ನು ತನ್ನದಾಗಿ ಮಾಡಿಕೊಳ್ಳುವುದು ಬೇರೆ.

4. ಅಳತೆಗೋಲುಗಳ ಪರೀಕ್ಷೆ

ಸ್ವಾವಲಂಬನೆಯನ್ನು ಅಳೆಯಲು ಈ ಶಾಸ್ತ್ರದವರು ಬಳಸುವ ಕೋಲುಗಳಲ್ಲಿ ಎರಡು ಪ್ರಸಿದ್ಧವಾಗಿವೆ. 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಸೂಚಿಯಲ್ಲಿ ಆರು ಬಾಬುಗಳಿವೆ: ಸ್ನಾನ, ಉಡುಗೆ, ಶೌಚ, ಎದ್ದು ಕೂರುವುದು, ಮಲಮೂತ್ರಗಳ ಹತೋಟಿ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಪ್ರಕಟಿಸಿದ ಸೂಚಿಯಲ್ಲಿ ಎಂಟು: ದೂರವಾಣಿ, ಖರೀದಿ, ಅಡುಗೆ, ಮನೆಯ ಓರಣ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಸೇವನೆ, ಹಣದ ಲೆಕ್ಕ. ಇವುಗಳ ಉಪಯುಕ್ತತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇತಿಹಾಸಕಾರನು ಯಾವ ದಾಖಲೆಯನ್ನೇ ಆಗಲಿ ಇದನ್ನು ಬರೆದವರು ಯಾರು, ಯಾರ ಮನೆಯನ್ನು ಕಂಡು ಬರೆದರು ಎಂದು ಕೇಳಲೇಬೇಕು.

ನಮ್ಮ ಕಡೆಯ ಹಳೆಯ ಮನೆಯನ್ನು ನೆನೆಯೋಣ. ಎತ್ತರದ ಜಗಲಿ, ಎಡವುವಂತಹ ಹೊಸಿಲು, ತಗ್ಗಿನಲ್ಲಿರುವ ಬಚ್ಚಲು, ನೆಲದ ಮೇಲೆ ಒಲೆ, ನೆಲದ ಮೇಲೆಯೇ ಈಳಿಗೆಮಣೆ, ಹಿತ್ತಲಿನಲ್ಲಿ ಕುಕ್ಕುರುಗಾಲಿನ ಶೌಚ. ಇಲ್ಲಿ ಕುರ್ಚಿಯಿಂದ ಏಳಬಲ್ಲೆನೆಂಬುದಕ್ಕಿಂತ ನೆಲದಿಂದ ಏಳಬಲ್ಲೆನೆಂಬುದು ದೊಡ್ಡ ಮಾತು. ಕಡೂರಿನ ಕಡೆ ರಾಗಿ ಮುದ್ದೆ ತೊಳಸಲು ಎರಡು ಕೈಗಳ ಮಣಿಕಟ್ಟಿನ ಬಲ ಬೇಕು. ತರೀಕೆರೆಯ ತೋಟದವರಲ್ಲಿ ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಮಡಿಸಿದ ಕಾಲಿನಲ್ಲಿ ಕೂರಬೇಕು. ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ ಕೊಯ್ಲಿಗೆ ಬೆನ್ನು ಬಾಗಬೇಕು. ಈ ಮನೆಗಳೂ ಈ ಕೆಲಸಗಳೂ ಗಟ್ಟಿ ದೇಹಕ್ಕೆಂದು ಏರ್ಪಟ್ಟವು. ಹಾಗೆಂದು ನಮ್ಮ ಹಿರಿಯರಿಗೆ ಹೊಂದಾಣಿಕೆಯ ಬುದ್ಧಿಯೇ ಇರಲಿಲ್ಲವೆನ್ನುವುದು ತಪ್ಪಾಗುತ್ತದೆ. ಮುದ್ದೆಯ ಗಡಿಗೆ ಹೊರಳದಂತೆ ಒತ್ತಿ ಹಿಡಿಯುವ ಕವೆಗೋಲು ಅಪ್ಪಟ ಸಹಾಯಕ ಉಪಕರಣವೇ. ಹಾಸಿಗೆ ಹಿಡಿದವರು ಹಿಡಿದು ಏಳಲೆಂದು ತೊಲೆಯಿಂದ ಇಳಿಬಿಟ್ಟ ಹಗ್ಗವನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ.

ಲಾಟನ್ ಸೂಚಿಯಲ್ಲಿ ಇನ್ನೂ ಗಹನವಾದ ಒಂದು ಸಂಗತಿಯಿದೆ. ಮೂಲದಲ್ಲಿ ಹೆಂಗಸರನ್ನು ಎಂಟು ಬಾಬುಗಳಲ್ಲಿಯೂ ಅಳೆಯಲಾಗುತ್ತಿತ್ತು. ಗಂಡಸರನ್ನು ಐದರಲ್ಲಿ ಮಾತ್ರ. ಅಡುಗೆ, ಮನೆಯ ಓರಣ, ಬಟ್ಟೆ ಒಗೆಯುವುದು, ಈ ಮೂರು ಅವರಿಗೆ ಇರಲಿಲ್ಲ. ಎಂದರೆ, ಅನ್ನ ಬೇಯಿಸಲಾರದ ಗಂಡಸು ಪೂರ್ಣ ಸ್ವಾವಲಂಬಿ. ಅನ್ನ ಬೇಯಿಸಲಾರದ ಹೆಂಗಸು ಪರಾವಲಂಬಿ. ಇದು ಅಮೆರಿಕದ ಲೆಕ್ಕವಾದರೂ ನಮ್ಮ ಮನೆಗಳ ಲೆಕ್ಕವೂ ಇದೇ ಆಗಿದೆ. ಗಂಡಸಿನ ಸ್ವಾವಲಂಬನೆಯು ಆರೋಗ್ಯದಲ್ಲಿಯೂ ಹೆಂಗಸಿನ ದುಡಿಮೆಯ ಮೇಲೆ ನಿಂತಿರುವುದರಿಂದ, ರೋಗ ಬಂದಾಗ ಆ ದುಡಿಮೆ ಸ್ವಲ್ಪ ಹೆಚ್ಚಿತೇ ಹೊರತು ಹೊಸದಾಗಿ ಕಾಣಿಸಿಕೊಳ್ಳುವುದಿಲ್ಲ. ರೋಗವು ಆ ಹೆಂಗಸಿಗೇ ಬಂದಾಗ ಮಾತ್ರ ಗುಟ್ಟು ಬಯಲಾಗುತ್ತದೆ.

ಕಾನೂನಿನ ಅಳತೆಯೂ ಈ ಗುಟ್ಟನ್ನು ಮುಟ್ಟುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಕಂಪವಾತದಂತಹ ದೀರ್ಘಕಾಲದ ನರರೋಗಗಳನ್ನೂ ಸೇರಿಸಿಕೊಂಡುದು ಸ್ವಾಗತಾರ್ಹ. ಆದರೆ ಹೆಚ್ಚಿನ ಸೌಲಭ್ಯಗಳಿಗೆ ಶೇಕಡ 40ರ ಗೆರೆಯುಂಟು. ಈ ಶೇಕಡವು ದೇಹದ ಲೆಕ್ಕ. ಹೊಸಿಲಿನ ಎತ್ತರವು ಅದರಲ್ಲಿ ಸೇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ದೇಹ, ಚಟುವಟಿಕೆ, ಸಮಾಜದಲ್ಲಿ ಭಾಗವಹಿಸುವಿಕೆ, ಪರಿಸರ, ಇವನ್ನೆಲ್ಲ ಕೂಡಿಸಿ ನೋಡಬೇಕೆಂದು ವಿಧಿಸಿದ್ದರೂ ಪ್ರಮಾಣಪತ್ರದ ಕಾಗದದವರೆಗೆ ಆ ದೃಷ್ಟಿ ಇಳಿದುಬಂದಿಲ್ಲ.

5. ಒಂದು ನಿದರ್ಶನ

ಸ್ವಂತದ ವಿಷಯವನ್ನು ಸಂಶೋಧನ ಪತ್ರಿಕೆಯಲ್ಲಿ ಪ್ರಸ್ತಾಪಿಸುವುದಕ್ಕೆ ಕ್ಷಮೆ ಕೋರುತ್ತೇನೆ. ಅಜ್ಜಂಪುರದ ಬಳಿಯ ಹಳ್ಳಿಯೊಂದರಲ್ಲಿರುವ ನನ್ನ ತಾಯಿಗೆ ಬೆರಳು, ಮಣಿಕಟ್ಟು, ಮಂಡಿಗಳನ್ನು ಹಿಡಿಯುವ ಸಂಧಿವಾತ ಕೆಲವು ವರ್ಷಗಳಿಂದ ಇದೆ. ನಗರದ ಆಸ್ಪತ್ರೆಯೊಂದರಲ್ಲಿ ಕೊಟ್ಟ ಔಷಧ ಸರಿಯಾದುದೇ ಆಗಿತ್ತು. ಹೊರಡುವಾಗ ಅಲ್ಲಿ ಕೇಳಿದ ಪ್ರಶ್ನೆ ಒಂದೇ: ಮನೆಯಲ್ಲಿ ಯಾರಿದ್ದಾರೆ? ಮಗ, ಸೊಸೆ ಎಂದೆವು. ಹಾಗಾದರೆ ತೊಂದರೆಯಿಲ್ಲವೆಂದರು. ತೊಂದರೆ ಇದ್ದಿತು, ಅದು ಸೊಸೆಯ ಹೆಸರಿಗೆ ವರ್ಗವಾಯಿತು, ಅಷ್ಟೆ. ಮೂರು ವರ್ಷ ತಾಯಿ ಜಗಲಿಯ ಮೇಲೆ ಕುಳಿತರು. ನನ್ನ ಮಡದಿ ಕುಳಿತುಕೊಳ್ಳಲಿಲ್ಲ. ನಾನು ವಾರಕ್ಕೊಮ್ಮೆ ಊರಿಗೆ ಬಂದು, ಎಲ್ಲವೂ ವ್ಯವಸ್ಥಿತವಾಗಿದೆಯೆಂದು ತಿಳಿದು ಹಿಂದಿರುಗುತ್ತಿದ್ದೆ.

ಆಮೇಲೆ ಬಂಧುಗಳ ಜೊತೆಯಲ್ಲಿ ಮನೆಗೆ ಬಂದ ಈ ವಿದ್ಯೆಯ ತರುಣಿಯೊಬ್ಬರು ಯಾವ ಸೂಚಿಯನ್ನೂ ತೆಗೆಯದೆ, ‘ನಾಳೆ ಬೆಳಗ್ಗೆ ನಿಮಗೆ ಏನು ಮಾಡಬೇಕೆನಿಸುತ್ತದೆ?’ ಎಂದು ತಾಯಿಯನ್ನು ಕೇಳಿದರು. ‘ಹಸುವಿಗೆ ಕಲಗಚ್ಚು ಇಡಬೇಕು’ ಎಂದು ಉತ್ತರ ಬಂದಿತು. ಅಮೃತಮಹಲ್ ತಳಿಯ ಹೆಸರಿನೊಡನೆ ಹೆಣೆದುಕೊಂಡ ಊರಿನ ಹೆಣ್ಣುಮಗಳಿಗೆ ಈ ಉತ್ತರವು ಸಹಜವಾದುದು. ಆದರೆ ಮೂರು ವರ್ಷಗಳಲ್ಲಿ ನಾವು ಯಾರೂ ಕೇಳಿರಲಿಲ್ಲ. ಅದು ಕಾಟ್ಜ್ ಹೇಳಿದ ಆರರಲ್ಲಿ ಇಲ್ಲ, ಲಾಟನ್ ಹೇಳಿದ ಎಂಟರಲ್ಲಿಯೂ ಇಲ್ಲ. ಈ ರೋಗದಲ್ಲಿ ಮುಂಜಾನೆ ಕೀಲುಗಳು ಬಿಗಿದಿರುವುದರಿಂದ ಕಲಗಚ್ಚಿನ ಹೊತ್ತನ್ನು ನಸುಕಿನಿಂದ ಹತ್ತು ಗಂಟೆಗೆ ಸರಿಸಲಾಯಿತು. ಒಂದು ದೊಡ್ಡ ಬಕೆಟ್ಟಿಗೆ ಬದಲು ಎರಡು ಸಣ್ಣ ಪಾತ್ರೆಗಳು. ಬೆರಳಿನಲ್ಲಿ ಹಿಡಿಯದೆ ಮುಂಗೈಗೆ ತೂಗುಹಾಕುವಂತೆ ಅಗಲವಾದ ಬಟ್ಟೆಯ ಹಿಡಿ. ಕೊಟ್ಟಿಗೆಯ ಮೆಟ್ಟಿಲಿಗೆ ಊರಿನ ಬಡಗಿ ಒಂದು ಕೈಮರ ನಿಲ್ಲಿಸಿದನು. ಒಲೆ ಕಟ್ಟೆಯ ಮೇಲೇರಿತು. ತರಕಾರಿ ಹೆಚ್ಚಲು ಎತ್ತರದ ಮಣೆ ಬಂದಿತು. ರೋಗವು ಗುಣವಾಗಲಿಲ್ಲ, ಕೆಟ್ಟ ದಿನಗಳು ಈಗಲೂ ಬರುತ್ತವೆ. ಆದರೆ ಕಲಗಚ್ಚು ಇಟ್ಟ ದಿನ ತಾಯಿ ಮನೆಯ ಯಜಮಾನಿ. ಮಡದಿಗೆ ಬೆಳಗಿನ ಒಂದು ಗಂಟೆ ಉಳಿಯಿತು. ಆ ಗಂಟೆಯನ್ನೂ ಚಿಕಿತ್ಸೆಯ ಫಲವೆಂದೇ ಎಣಿಸಬೇಕೆಂಬುದು ನನ್ನ ವಾದ.

ಮನೆಯವರಿಗೆ ಕಲಿಸಿಬಿಟ್ಟರೆ ಸಾಕು, ಚಿಕಿತ್ಸಕರು ಬೇಡವೆಂಬ ಮಾತನ್ನು ಇದರಿಂದ ತೆಗೆಯಬಾರದು. ಭಾರತದ 14 ಆಸ್ಪತ್ರೆಗಳಲ್ಲಿ 1250 ಮಂದಿ ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು 2017ರಲ್ಲಿ ಪ್ರಕಟವಾಗಿದೆ. ಮನೆಯವರಿಗೆ ತರಬೇತಿ ಕೊಟ್ಟು ಅವರ ಕೈಯಿಂದಲೇ ಪುನಶ್ಚೇತನ ಮಾಡಿಸಿದ ಪಂಗಡದಲ್ಲಿಯೂ ವಾಡಿಕೆಯ ಚಿಕಿತ್ಸೆಯ ಪಂಗಡದಲ್ಲಿಯೂ ಆರು ತಿಂಗಳಲ್ಲಿ ಮರಣ ಅಥವಾ ಪರಾವಲಂಬನೆಗೆ ಗುರಿಯಾದವರು ಶೇಕಡ 47. ಮನೆಯವರ ಪ್ರೀತಿಯನ್ನು ಅಗ್ಗದ ಸಿಬ್ಬಂದಿಯಾಗಿ ಬಳಸಿಕೊಳ್ಳುವ ಯೋಜನೆಗಳಿಗೆ ಇದು ಎಚ್ಚರಿಕೆ.

6. ಉಪಸಂಹಾರ

ನಮ್ಮ ವೃತ್ತಿಯವರ ಲೋಪವನ್ನೂ ಒಪ್ಪಿಕೊಳ್ಳಬೇಕು. ನೆರೆಯ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ದೀನರಿಗೂ ಕುಂಟ ಕುರುಡರಿಗೂ ಅನ್ನವನ್ನೂ, ಅನಾಥ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದ ತಾಣವೆಂದು ಆ ಮಠವನ್ನು ವರ್ಣಿಸುತ್ತದೆ. ತರೀಕೆರೆಯ ಅಮೃತಾಪುರದಲ್ಲಿ 1196ರ ದೇವಾಲಯವನ್ನು ನಾವು ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ. ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂಬ ಹೆಸರಿದ್ದ ಕಾಲದ ಗೆಜೆಟಿಯರುಗಳಲ್ಲಿ ಔಷಧಾಲಯಗಳ ವಿವರವನ್ನು ಓದುತ್ತೇವೆ. ಮಠ, ಆಸ್ಪತ್ರೆ, ಮರಣ, ಇವಕ್ಕೆ ದಾಖಲೆಯುಂಟು. ಇಪ್ಪತ್ತು ವರ್ಷ ರೋಗದೊಡನೆ ಮನೆಯಲ್ಲಿ ಬಾಳಿದವರಿಗೆ, ಅವರನ್ನು ಬಾಳಿಸಿದವರಿಗೆ, ದಾಖಲೆಯಿಲ್ಲ. ಅವರ ಶಾಸನವು ತೊಲೆಯ ಹಗ್ಗದಲ್ಲಿ, ತಗ್ಗಿಸಿದ ಹೊಸಿಲಿನಲ್ಲಿ, ಹಿಡಿಗೆ ಸುತ್ತಿದ ಬಟ್ಟೆಯಲ್ಲಿ ಇದೆ. ಮನೆ ಕೆಡವಿದಾಗ ಅದೂ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಇಂತಹ ಮನೆಗಳ ನಕ್ಷೆಯನ್ನೂ, ಅಲ್ಲಿಯ ರೋಗಿಯ ಮತ್ತು ಶುಶ್ರೂಷೆ ಮಾಡುವವರ ಒಂದು ದಿನದ ಹೊತ್ತಿನ ಲೆಕ್ಕವನ್ನೂ, ಅವರ ಒಪ್ಪಿಗೆ ಪಡೆದು ಹೆಸರನ್ನು ಬಿಟ್ಟು ಬರೆದು ತಂದರೆ ಅದು ಇತಿಹಾಸಕ್ಕೂ ಉಪಯೋಗ, ಚಿಕಿತ್ಸೆಗೂ ಉಪಯೋಗ.

2021ರಲ್ಲಿ ಈ ವೃತ್ತಿಯನ್ನೂ ಒಳಗೊಂಡು ಸಹಾಯಕ ಆರೋಗ್ಯ ವೃತ್ತಿಗಳಿಗೆ ಕೇಂದ್ರದ ಕಾನೂನು ಬಂದಿದೆ. ತಾಲ್ಲೂಕಿನ ಮಟ್ಟದಲ್ಲಿ ಇಂತಹ ಚಿಕಿತ್ಸಕರು ಮನೆಗಳಿಗೆ ಹೋಗಿಬರುವ ಏರ್ಪಾಡು ಆಗಬೇಕು. ತರೀಕೆರೆಯಿಂದ ಬೇರ್ಪಟ್ಟು ಹೊಸದಾಗಿ ತಾಲ್ಲೂಕಾದ ಅಜ್ಜಂಪುರದಂತಹ ಕಡೆ ಅದನ್ನು ಮೊದಲಿನಿಂದಲೇ ಯೋಜಿಸುವುದು ಸುಲಭ. ಯಾರ ನೆರವೂ ಇಲ್ಲದೆ ಬಾಳುವುದು ಸ್ವಾವಲಂಬನೆಯಲ್ಲ. ಹಾಗೆ ಬಾಳಿದವರು ಯಾವ ಊರಿನಲ್ಲಿಯೂ ಇಲ್ಲ. ತನ್ನ ದಿನದಲ್ಲಿ ತಾನು ಆರಿಸಿದ್ದೊಂದು ಉಳಿದಿರುವುದು, ನೆರವಾಗುವವರ ದಿನದಲ್ಲಿಯೂ ಅವರದೆಂಬುದೊಂದು ಉಳಿದಿರುವುದು, ಇವೆರಡೂ ಕೂಡಿದಲ್ಲಿ ಆ ಮಾತನ್ನು ಬಳಸಬಹುದು. ಅಲ್ಲಿಯವರೆಗೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆಂಬ ವಾಕ್ಯವನ್ನು ಬರೆಯುವವರು ಅವರು ಯಾರೆಂದು ಒಮ್ಮೆ ವಿಚಾರಿಸುವುದು ಉಚಿತ.